ಕಾಗೋಡಿಗೆ ಯಾವ ನಂಬರು?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ಬಗ್ಗೆ ಕನ್ನಡದಲ್ಲಿ ಬರವಣಿಗೆ ಸಾಕಷ್ಟಿದೆ. ಜಿ. ರಾಜಶೇಖರ ಅವರ ‘ಕಾಗೋಡು ಸತ್ಯಾಗ್ರಹ’ ಅದರಲ್ಲಿ ಹೆಸರಾದದ್ದು. ಅಂಥ ಒಂದು ಪುಸ್ತಕ ಊರಿನ ಗ್ರಂಥಾಲಯಕ್ಕೆ ಹೊಸದಾಗಿ ಬಂತೆನ್ನಿ. ಮೊಹರು ಬಿತ್ತು, ದಾಖಲೆ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಸಿಕ್ಕಿತು. ಇಷ್ಟಕ್ಕೆ ಪುಸ್ತಕ ತೆರೆಯಬೇಕಾಗಿಲ್ಲ. ಆಮೇಲಿನ ಕೆಲಸಕ್ಕೆ ತೆರೆಯದೆ ಗತಿಯಿಲ್ಲ. ಇದನ್ನು ಯಾವ ಕಪಾಟಿನಲ್ಲಿಡಬೇಕು, ಬೆನ್ನಿನ ಚೀಟಿಯ ಮೇಲೆ ಯಾವ ಸಂಖ್ಯೆ ಬರೆಯಬೇಕು?

ನಮ್ಮ ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಡ್ಯೂಯಿ ದಶಾಂಶ ವರ್ಗೀಕರಣ. ಜ್ಞಾನವನ್ನೆಲ್ಲ 000ದಿಂದ 999ರವರೆಗೆ ಹರಡಿ, ಬೇಕಾದಲ್ಲಿ ದಶಾಂಶ ಬಿಂದುವಿನಾಚೆಗೂ ಬೆಳೆಸಿದ ಪದ್ಧತಿ ಇದು. ಸಾವಿರಾರು ಸಂಖ್ಯೆಗಳಿರುವ ಈ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ ಕೂತು ಯಾರೂ ನಂಬರು ಹುಡುಕುವುದಿಲ್ಲ. ಅನುಭವಿ ಗ್ರಂಥಪಾಲಕರು ಮೊದಲು ಒಂದು ತುಂಡು ಕಾಗದದಲ್ಲಿ ಪುಸ್ತಕ ಯಾವುದರ ಬಗ್ಗೆ ಎಂಬುದನ್ನು ಮೂರು ನಾಲ್ಕು ಮಾತಿನಲ್ಲಿ ಬರೆದುಕೊಳ್ಳುತ್ತಾರೆ. ಈ ಮಾತುಗಳಿಗೆ ವಿಷಯ ಶೀರ್ಷಿಕೆ ಎಂದು ಹೆಸರು. ಆ ಶೀರ್ಷಿಕೆಗಳನ್ನು ಹಿಡಿದು ಅಕಾರಾದಿ ಸೂಚಿಗೆ ಹೋಗುತ್ತಾರೆ, ಸೂಚಿ ತೋರಿಸಿದ ಸಂಖ್ಯೆಗಳಿಂದ ಮುಖ್ಯ ಪಟ್ಟಿಗೆ.

ಕಾಗೋಡಿನ ಪುಸ್ತಕಕ್ಕೆ ಏನು ಬರೆದುಕೊಳ್ಳಬಹುದು? ಸತ್ಯಾಗ್ರಹ. ಗೇಣಿ ಪದ್ಧತಿ. ಒಕ್ಕಲು ರೈತರು. ಸಮಾಜವಾದಿ ಪಕ್ಷ. ಕರ್ನಾಟಕದ ಇತಿಹಾಸ. ಐದೂ ಸರಿಯೇ. ಜಗಳ ಮೊಳೆತದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ. ಒಕ್ಕಲುಗಳನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಸಮಾಜವಾದಿಗಳು ಬೆನ್ನಿಗೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ನಾಡಿಗೆ ಪರಿಚಿತರಾದದ್ದರಲ್ಲಿ ಈ ಚಳವಳಿಯ ಪಾಲು ದೊಡ್ಡದು. ಈಗ ಸೂಚಿ ನೋಡಿ. ಸತ್ಯಾಗ್ರಹ, ಅಂದರೆ ಕಾನೂನುಭಂಗ ಚಳವಳಿ, 303.61ಕ್ಕೆ ಕಳಿಸುತ್ತದೆ. ಜಮೀನನ್ನು ಗೇಣಿಗೆ ಕೊಡುವುದು-ಪಡೆಯುವುದು 333.5ರಲ್ಲಿದೆ. ರೈತರು ಒಂದು ಸಾಮಾಜಿಕ ವರ್ಗವಾಗಿ 305.56ರ ಒಳಗೆ ಬರುತ್ತಾರೆ. ಭಾರತದ ರಾಜಕೀಯ ಪಕ್ಷಗಳು 324.254, ಕರ್ನಾಟಕದ ಇತಿಹಾಸ 954.87. ಕೊಳಗವನ್ನೇ ಹಿಡಿದು ಹೊರಟರೆ ಅಳತೆ-ತೂಕಗಳ 389ಕ್ಕೂ ಹೋಗಿ ಮುಟ್ಟಬಹುದು. ಹಾಗೆ ಹೋದವರನ್ನು ಯಾರೂ ಮೆಚ್ಚುವುದಿಲ್ಲ ಅಷ್ಟೆ.

ಇರುವುದು ಒಂದೇ ಪ್ರತಿ, ಅದನ್ನು ಐದು ಕಡೆ ಇಡಲಾಗದು. ಇಂಥ ಇಕ್ಕಟ್ಟಿಗೆಂದೇ ಡ್ಯೂಯಿ ಪದ್ಧತಿಯಲ್ಲಿ ಕೆಲವು ಕಟ್ಟಳೆಗಳಿವೆ. ಒಂದು ವಿಷಯ ಇನ್ನೊಂದರ ಮೇಲೆ ಪರಿಣಾಮ ಮಾಡಿದ ಕಥೆಯಾದರೆ, ಪರಿಣಾಮಕ್ಕೆ ಒಳಗಾದ ವಿಷಯದ ಸಂಖ್ಯೆ ಕೊಡಬೇಕು. ಎರಡು ವಿಷಯಗಳು ಅಕ್ಕಪಕ್ಕ ನಿಂತಿದ್ದರೆ ಹೆಚ್ಚು ಪುಟ ಪಡೆದದ್ದಕ್ಕೆ ಮನ್ನಣೆ. ಎರಡೂ ಸಮಸಮವಾಗಿದ್ದರೆ ಪಟ್ಟಿಯಲ್ಲಿ ಮೊದಲು ಬರುವುದಕ್ಕೆ. ಒಂದೇ ಮನೆತನದ ಮೂರು ಅಥವಾ ಹೆಚ್ಚು ವಿಷಯಗಳು ಸಮನಾಗಿ ಬಂದರೆ ಅವೆಲ್ಲವನ್ನೂ ಒಳಗೊಳ್ಳುವ ಮೇಲಿನ ಸಂಖ್ಯೆಗೆ ಏರಬೇಕು. ಕಾಗೋಡಿನಲ್ಲಿ ಸತ್ಯಾಗ್ರಹ ನಡೆದದ್ದು ಗೇಣಿ ಪದ್ಧತಿಯನ್ನು ಅಲುಗಾಡಿಸಲು, ಆದ್ದರಿಂದ ಮೊದಲ ಕಟ್ಟಳೆಯಂತೆ 333.5. ಅದರ ಮುಂದೆ ಸ್ಥಳವನ್ನು ಸೂಚಿಸುವ 09, ಕರ್ನಾಟಕದ 5487 ಸೇರಿಸಿದರೆ 333.5095487 ಆಗುತ್ತದೆ. ಚಿಕ್ಕ ಗ್ರಂಥಾಲಯಕ್ಕೆ 333.5 ಧಾರಾಳ ಸಾಕು. ಪುಸ್ತಕದ ಒತ್ತು ಸಮಾಜವಾದಿ ಪಕ್ಷದ ಬೆಳವಣಿಗೆಯ ಮೇಲಿದ್ದರೆ 324.254 ಎಂದು ವಾದಿಸುವವರೂ ಇರಬಹುದು, ಅವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ವರ್ಗೀಕರಣದಲ್ಲಿ ಸರಿ-ತಪ್ಪಿಗಿಂತ ಹೆಚ್ಚಾಗಿ ಇರುವುದು ಸಮರ್ಥನೆ. ಒಮ್ಮೆ ತೀರ್ಮಾನಿಸಿದರೆ ಮುಂದೆ ಬರುವ ಅದೇ ಬಗೆಯ ಪುಸ್ತಕಕ್ಕೂ ಅದೇ ಸಂಖ್ಯೆ ಕೊಡುವುದು ಮುಖ್ಯ.

ಉಳಿದ ನಾಲ್ಕು ಶೀರ್ಷಿಕೆಗಳ ಗತಿಯೇನು? ಅನೇಕ ಕಡೆ ಸಂಖ್ಯೆ ಸಿಕ್ಕ ಕೂಡಲೇ ಆ ತುಂಡು ಕಾಗದ ಕಸದ ಬುಟ್ಟಿ ಸೇರುತ್ತದೆ. ಆಗಬಾರದ್ದು ಅದೇ. ಅವು ಕ್ಯಾಟಲಾಗಿಗೆ ಹೋಗಬೇಕು, ಅಲ್ಲಿ ಐದಕ್ಕೆ ಐದೂ ಇರಲು ಜಾಗವಿದೆ. ‘ಸಮಾಜವಾದಿ ಪಕ್ಷ’ ಎಂದು ಹುಡುಕಿದವನಿಗೂ ‘ಗೇಣಿ’ ಎಂದು ಹುಡುಕಿದವಳಿಗೂ ಅದೇ ಪುಸ್ತಕ ಸಿಗಬೇಕು. ಸಂಖ್ಯೆ ಪುಸ್ತಕವನ್ನು ಒಂದು ಕಡೆ ಕೂರಿಸುತ್ತದೆ. ಅಲ್ಲಿಗೆ ಐದು ದಿಕ್ಕಿನಿಂದ ದಾರಿ ಮಾಡುವ ಕೆಲಸ ಶೀರ್ಷಿಕೆಗಳದು.

ಈ ಎರಡೂ ಹತಾರಗಳು ಅಮೆರಿಕದಲ್ಲಿ ಒಂದೇ ವರ್ಷ, 1876ರಲ್ಲಿ, ರೂಪು ಪಡೆದವು. ಆ ವರ್ಷ ಮೆಲ್ವಿಲ್ ಡ್ಯೂಯಿ ತನ್ನ ಹೆಸರು ಹಾಕದೆ ಪ್ರಕಟಿಸಿದ ಪುಸ್ತಿಕೆಗೆ 44 ಪುಟ. ಸಂಖ್ಯೆಗಳ ಪಟ್ಟಿ ಹಿಡಿಸಿದ್ದು 12 ಪುಟ, ಅದರ ಸೂಚಿ 18 ಪುಟ. ಪಟ್ಟಿಗಿಂತ ಸೂಚಿ ಉದ್ದವಾದದ್ದು ಆಕಸ್ಮಿಕವಲ್ಲ. ಕಪಾಟಿನಲ್ಲಿ ಚದುರಿಹೋದದ್ದನ್ನು ಒಂದೇ ಪದದ ಕೆಳಗೆ ಮತ್ತೆ ಕೂಡಿಸುವುದೇ ತನ್ನ ಪದ್ಧತಿಯ ಹೆಚ್ಚುಗಾರಿಕೆ ಎಂದು ಡ್ಯೂಯಿ ನಂಬಿದ್ದ. ಅದೇ ವರ್ಷ ಚಾರ್ಲ್ಸ್ ಆಮಿ ಕಟರ್ ಕ್ಯಾಟಲಾಗಿನ ನಿಯಮಾವಳಿ ಹೊರತಂದ. ಪುಸ್ತಕವನ್ನು ಅದರ ಅತ್ಯಂತ ನಿರ್ದಿಷ್ಟ ವಿಷಯದ ಹೆಸರಿನಡಿ ನಮೂದಿಸಬೇಕು, ಒಂದೇ ವಸ್ತುವಿಗೆ ಹಲವು ಹೆಸರಿದ್ದರೆ ಒಂದನ್ನು ಆಯ್ದು ಉಳಿದವುಗಳಿಂದ ಅದರತ್ತ ಕೈತೋರಿಸಬೇಕು ಎಂಬ ರೂಢಿಗೆ ತಳಹದಿ ಹಾಕಿದವನು ಅವನು. ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ದೊಡ್ಡ ವಿಷಯ ಶೀರ್ಷಿಕೆ ಪಟ್ಟಿಯನ್ನು ಬೆಳೆಸಿತು. ಸಣ್ಣ ಗ್ರಂಥಾಲಯಗಳಿಗಾಗಿ ಮಿನಿ ಅರ್ಲ್ ಸಿಯರ್ಸ್ 1923ರಲ್ಲಿ ಚಿಕ್ಕ ಪಟ್ಟಿಯೊಂದನ್ನು ಮಾಡಿದರು. ಗ್ರಂಥಾಲಯ ವಿಜ್ಞಾನ ಓದಿದವರಿಗೆ ಸಿಯರ್ಸ್ ಪಟ್ಟಿ ಹೊಸದೇನಲ್ಲ.

ತಲೆಬರಹ ನೋಡಿ ನಂಬರು ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಸಾಹಿತ್ಯಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಹೆಸರು ನಂಬಿ ಸಾವಿನ ಆಚರಣೆಗಳ 393ಕ್ಕೆ ಹಾಕಬಹುದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 392.5ರ ಮದುವೆ ಪದ್ಧತಿಗಳ ನಡುವೆ ಹೋಗಿ ಕೂರಬಹುದು. ಕುಪ್ಪಳಿಯ ತೇಜಸ್ವಿಯವರ ‘ಕರ್ವಾಲೊ’ ಯಾರದೋ ಜೀವನಚರಿತ್ರೆಯಾಗಿ ಕಾಣಬಹುದು. ಹಾರುವ ಓತಿಯ ಅಧ್ಯಾಯಗಳನ್ನಷ್ಟೇ ತಿರುವಿ ನೋಡಿದವರು ಅದನ್ನು ಹಲ್ಲಿ-ಓತಿಗಳ 597.95ಕ್ಕೆ ಕಳಿಸಿದರೂ ಆಶ್ಚರ್ಯವಿಲ್ಲ. ಮೂರೂ ಕಾದಂಬರಿಗಳು. ಡ್ಯೂಯಿಯಲ್ಲಿ ಸೃಜನಶೀಲ ಸಾಹಿತ್ಯಕ್ಕೆ ವಸ್ತುವಿನ ಮೇಲೆ ಸಂಖ್ಯೆ ಸಿಗುವುದಿಲ್ಲ. ಮೊದಲು ಭಾಷೆ, ಆಮೇಲೆ ಪ್ರಕಾರ. ಕನ್ನಡ ಸಾಹಿತ್ಯ 894.814, ಕನ್ನಡ ಕಾವ್ಯ 894.8141, ನಾಟಕ 894.8142, ಕಾದಂಬರಿ-ಕಥೆ 894.8143.

ಈ ಉದ್ದನೆಯ ಸಂಖ್ಯೆಯ ಹಿಂದೆ ಒಂದು ತಾರತಮ್ಯವೂ ಇದೆ. ಅಮೆರಿಕದವರ ಇಂಗ್ಲಿಷ್ ಸಾಹಿತ್ಯಕ್ಕೆ 810 ಪೂರ್ತಿ, ಇಂಗ್ಲೆಂಡಿನದಕ್ಕೆ 820 ಪೂರ್ತಿ. ಕನ್ನಡ, ತಮಿಳು, ಮಲಯಾಳ, ತೆಲುಗು ನಾಲ್ಕೂ ಟರ್ಕಿ, ಹಂಗೇರಿ, ಫಿನ್ಲೆಂಡ್ ಭಾಷೆಗಳ ಜೊತೆ 894ರ ಒಂದು ಮೂಲೆಯಲ್ಲಿವೆ. ಪಂಪನಿಂದ ಇಲ್ಲಿಯವರೆಗಿನ ಸಾವಿರ ವರ್ಷದ ಕಾವ್ಯ ಏಳಂಕಿ ದಾಟಿದ ಮೇಲೆ ಸಿಗುತ್ತದೆ! ತಮ್ಮ ನಾಡಿನ ಸಾಹಿತ್ಯ ಮುಂದೆ ಬರಬೇಕೆನ್ನುವ ಗ್ರಂಥಾಲಯ ಅದಕ್ಕೆ 810ನ್ನೇ ಕೊಟ್ಟುಕೊಳ್ಳಬಹುದು, ಅಥವಾ ಅಂಕಿಯ ಬದಲು ಅಕ್ಷರವೊಂದನ್ನು ಬಳಸಬಹುದು ಎಂಬ ಸೌಲಭ್ಯ ಡ್ಯೂಯಿಯಲ್ಲೇ ಇದೆ. ಕನ್ನಡ ಪುಸ್ತಕಗಳೇ ತುಂಬಿರುವ ಕಡೆ ಇದನ್ನು ಬಳಸದೆ ಇರಲು ನನಗೇನೂ ಕಾರಣ ಕಾಣುವುದಿಲ್ಲ.

ಸಾಹಿತ್ಯಕ್ಕೆ ಪ್ರಕಾರದ ಮೇಲೆ ಸಂಖ್ಯೆ ಕೊಡುವುದು ಸರಿಯಾದ ಕ್ರಮವೇ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನಡಿ ಹೋದವು. ಆ ಸಂಕಟವನ್ನು ಹತ್ತಿರದಿಂದ ಕಂಡು ಬರೆದವರು ಸಾಗರದ ನಾ. ಡಿಸೋಜ. ಮುಳುಗಡೆಯ ಬಗ್ಗೆ ತಿಳಿಯಬೇಕೆಂದು ಬಂದ ಕಾಲೇಜು ಹುಡುಗಿಗೆ ಕಪಾಟುಗಳು ಏನು ಕೊಡುತ್ತವೆ? 627.8ರಲ್ಲಿ ಅಣೆಕಟ್ಟಿನ ಎಂಜಿನಿಯರಿಂಗು, 621.31ರಲ್ಲಿ ವಿದ್ಯುತ್ ಉತ್ಪಾದನೆ, 307.2ರಲ್ಲಿ ಜನರ ವಲಸೆ. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ದೂರದ 894.8143ರಲ್ಲಿ ನೂರಾರು ಕಾದಂಬರಿಗಳ ನಡುವೆ ಇರುತ್ತವೆ. ಆಕೆಗೆ ಲೇಖಕರ ಹೆಸರು ಗೊತ್ತಿಲ್ಲದಿದ್ದರೆ ಅವು ಸಿಗಲಾರವು. ‘ಶರಾವತಿ ಮುಳುಗಡೆ – ಕಾದಂಬರಿಗಳು’ ಎಂಬ ಒಂದು ಸಾಲು ಕ್ಯಾಟಲಾಗಿನಲ್ಲಿದ್ದರೆ ಸಿಕ್ಕಾವು. ಕಥೆ-ಕಾದಂಬರಿಗೆ ವಿಷಯ ಶೀರ್ಷಿಕೆ ಏತಕ್ಕೆ ಎನ್ನುವವರು ಇದನ್ನು ಯೋಚಿಸಬೇಕು.

ಇನ್ನು ಅಡಿಕೆ. ಮಂಡಿಗೆ ಬಂದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸಿ ಬೇರೆ ಬೇರೆ ಮಾಡುತ್ತಾರಲ್ಲ, ಅಲ್ಲೂ ಒಂದು ಅಡಿಕೆ ಒಂದೇ ರಾಶಿಗೆ ಬೀಳಬೇಕು. ಅಡಿಕೆಯ ಮೇಲಿನ ಪುಸ್ತಕಗಳನ್ನು ಆರಿಸುವುದು ಅದಕ್ಕಿಂತ ಗೋಜಲು. ತೋಟಗಾರಿಕೆ 630ರ ಮನೆಗೆ ಸೇರಿದ್ದು. ಧಾರಣೆಯ ಏರಿಳಿತ 338.1, ಅಡಿಕೆ ಮಾರುವ ಸಹಕಾರ ಸಂಘ 334, ಎಲೆ-ಅಡಿಕೆ ಹಾಕುವ ಸಂಪ್ರದಾಯ 394.1, ಬಾಯಿ ಕ್ಯಾನ್ಸರು 616.994. ‘ಅಡಿಕೆ’ ಎಂಬ ಒಂದೇ ಶೀರ್ಷಿಕೆ ಇವೆಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ, ಕಪಾಟು ತೋರಿಸುವುದಿಲ್ಲ.

ಕೊಳೆರೋಗದ ಪುಸ್ತಕ ಬಂದಾಗ ಇನ್ನೊಂದು ಸೂಕ್ಷ್ಮ ಎದುರಾಗುತ್ತದೆ. ಮಳೆಗಾಲದಲ್ಲಿ ಎಳೆ ಅಡಿಕೆ ಉದುರಿಸುವ ಈ ರೋಗವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಇಂಗ್ಲಿಷ್ ವರದಿಯ ತಲೆಬರಹದಲ್ಲೇ ‘ಕೊಳೆರೋಗ’ ಎಂಬ ಕನ್ನಡದ ಹೆಸರಿದೆ. ಅದನ್ನು ತಡೆಯಲು ಬೋರ್ಡೊ ದ್ರಾವಣ ಹೊಡೆಯುವುದು ಮಲೆನಾಡಿನ ತೋಟಗಳಲ್ಲಿ ಇಂದಿಗೂ ಮುಂಗಾರಿನ ಮುಖ್ಯ ಕೆಲಸ. ಸೂಚಿಯಲ್ಲಿ ಸಸ್ಯರೋಗ ಎಂದು ನೋಡಿದರೆ 632 ಸಿಗುತ್ತದೆ. ಅಲ್ಲಿಗೇ ನಿಲ್ಲಿಸಿ ಚೀಟಿ ಅಂಟಿಸಿದರೆ ಕೆಟ್ಟಿತು. ಮುಖ್ಯ ಪಟ್ಟಿಗೆ ಹೋಗಿ 632ರ ಕೆಳಗಿನ ಟಿಪ್ಪಣಿ ಓದಿದರೆ ತಿಳಿಯುತ್ತದೆ: ಇಲ್ಲಿ ಇಡಬೇಕಾದದ್ದು ಸಸ್ಯರೋಗಗಳ ಸಾಮಾನ್ಯ ಪುಸ್ತಕ, ನಿರ್ದಿಷ್ಟ ಬೆಳೆಯ ರೋಗ ಆಯಾ ಬೆಳೆಯ ಸಂಖ್ಯೆಯೊಡನೆ ಹೋಗಬೇಕು. ಅಂದರೆ ಕೊಳೆರೋಗದ ಪುಸ್ತಕ ಅಡಿಕೆ ಕೃಷಿಯ ಪುಸ್ತಕದ ಪಕ್ಕದಲ್ಲೇ ಇರಬೇಕು. ತೋಟದವರು ಹುಡುಕುವುದೂ ಅಲ್ಲೇ. ಸೂಚಿ ದಾರಿ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಸೂಚಿಯ ಮೇಲೆಯೇ ಭಾರ ಹಾಕಿ ಸಂಖ್ಯೆ ಕೊಡಬಾರದೆಂದು ಗ್ರಂಥಾಲಯ ವಿಜ್ಞಾನದ ಮೇಷ್ಟ್ರುಗಳು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಇಲ್ಲಿಯವರೆಗೆ ಹೇಳಿದ್ದು ಶೀರ್ಷಿಕೆಯಿಂದ ಸಂಖ್ಯೆಗೆ ಹೋಗುವ ದಾರಿ. ಇದನ್ನು ತಿರುಗಿಸಿ ಸಂಖ್ಯೆಯಿಂದಲೇ ಶೀರ್ಷಿಕೆ ಹೊರಡಿಸಿದವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪ್ರಕಟವಾಯಿತು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಅಲ್ಲೇ ಡಿಆರ್‌ಟಿಸಿ ಎಂಬ ತರಬೇತಿ-ಸಂಶೋಧನಾ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಕರ್ನಾಟಕದ ಗ್ರಂಥಾಲಯ ಕ್ಷೇತ್ರದ ಮೇಲೆ ಅವರ ನೆರಳು ದೊಡ್ಡದು.

ಕೋಲನ್ ಪದ್ಧತಿಯಲ್ಲಿ ಸಂಖ್ಯೆಯನ್ನು ಸಿದ್ಧಪಟ್ಟಿಯಿಂದ ಎತ್ತಿಕೊಳ್ಳುವುದಕ್ಕಿಂತ ತುಂಡು ತುಂಡಾಗಿ ಜೋಡಿಸುವುದು ಹೆಚ್ಚು. ಕುವೆಂಪು ಕಾದಂಬರಿಗೆ ಜೋಡಿಸಿ ನೋಡೋಣ. ಸಾಹಿತ್ಯಕ್ಕೆ ಇಂಗ್ಲಿಷಿನ ‘ಓ’ ಅಕ್ಷರ. ಕನ್ನಡ ಭಾಷೆಗೆ 33. ಅಲ್ಪವಿರಾಮ ಹಾಕಿ ಕಾದಂಬರಿಗೆ 3. ಲೇಖಕರನ್ನು ಗುರುತಿಸಲು ಅವರು ಹುಟ್ಟಿದ ವರ್ಷ: ಇಪ್ಪತ್ತನೆಯ ಶತಮಾನಕ್ಕೆ ‘ಎನ್’, 1904ರಲ್ಲಿ ಹುಟ್ಟಿದ್ದರಿಂದ 04. ಎಲ್ಲ ಕೂಡಿದರೆ ‘ಓ33,3ಎನ್04’. ಷೇಕ್ಸ್‌ಪಿಯರ್ 1564ರವನಾದ್ದರಿಂದ ‘ಜೆ64’. ಕುವೆಂಪು ಅವರ ಮಗ ತೇಜಸ್ವಿ ‘ಎನ್38’, ತೀರ್ಥಹಳ್ಳಿಯ ಎಂ.ಕೆ. ಇಂದಿರಾ ‘ಎನ್17’. ಡ್ಯೂಯಿಯಲ್ಲಿ ನಾವು ಕಂಡ 894.8143 ಕನ್ನಡ ಕಾದಂಬರಿ ಎನ್ನುವಲ್ಲಿಗೆ ನಿಲ್ಲುತ್ತದೆ. ಇಲ್ಲಿ ಲೇಖಕರೇ ಒಂದು ವಿಷಯವಾಗಿ ಸಂಖ್ಯೆಯೊಳಗೆ ಬಂದುಬಿಡುತ್ತಾರೆ. ಒಂದೇ ವರ್ಷ ಹುಟ್ಟಿದವರು ಬಂದಾಗ ಪೇಚಾಟ. ಅನಂತಮೂರ್ತಿಯವರೂ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರೂ 1932ರವರು. ಒಂದೇ ಪ್ರಕಾರದಲ್ಲಿ ಇಬ್ಬರ ಪುಸ್ತಕವೂ ಎದುರಾದರೆ ಬೇರೆ ಮಾಡಲು ಇನ್ನೊಂದು ಗುರುತು ಸೇರಿಸಬೇಕು.

ಈಗ ಆ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೆ ಬಿಡಿಸಿ. ಕುವೆಂಪು, ಕಾದಂಬರಿ, ಕನ್ನಡ, ಸಾಹಿತ್ಯ. ಇದು ಮೊದಲ ಶೀರ್ಷಿಕೆ. ಮೊದಲ ಪದ ಕಳಚಿದರೆ ಕಾದಂಬರಿ, ಕನ್ನಡ, ಸಾಹಿತ್ಯ. ಮತ್ತೊಂದು ಕಳಚಿದರೆ ಕನ್ನಡ, ಸಾಹಿತ್ಯ. ಕೊನೆಗೆ ಸಾಹಿತ್ಯ. ನಾಲ್ಕು ಶೀರ್ಷಿಕೆಗಳು ಲೆಕ್ಕದಂತೆ ತಾವಾಗಿ ಉದುರಿದವು, ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚುವುದರಿಂದ ಇದಕ್ಕೆ ‘ಚೈನ್’ ವಿಧಾನ ಎಂದು ಹೆಸರು. ಡ್ಯೂಯಿ ಸಂಖ್ಯೆಗೂ ಇದು ಹೊಂದುತ್ತದೆ: 954.87 ಬಿಡಿಸಿದರೆ ಕರ್ನಾಟಕ, ದಕ್ಷಿಣ ಭಾರತ, ಭಾರತ, ಏಷ್ಯಾ, ಇತಿಹಾಸ. ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿ 1950ರಿಂದ ಎರಡು ದಶಕ ಇದೇ ವಿಧಾನವನ್ನು ಬಳಸಿತು. ಕೋಲ್ಕತ್ತಾದಿಂದ 1958ರಲ್ಲಿ ಹೊರಡತೊಡಗಿದ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯೂ ಇದನ್ನು ಅನುಸರಿಸಿತು. ಅದರಲ್ಲಿ ಡ್ಯೂಯಿ ಸಂಖ್ಯೆಯ ಜೊತೆಗೆ ಕೋಲನ್ ಸಂಖ್ಯೆಯನ್ನೂ ಕೊಡುತ್ತಿದ್ದರು.

ಸೊಗಸಾದ ಯುಕ್ತಿ ನಿಜ. ಆದರೆ ಸಂಖ್ಯೆಯೊಳಗೆ ಇಲ್ಲದ ಮಾತು ಶೀರ್ಷಿಕೆಯಾಗಿ ಹೊರಬರುವುದಿಲ್ಲ. ಕೆಳದಿ ಅರಸರ ಮೇಲಿನ ಪುಸ್ತಕಕ್ಕೆ 954.87 ಕೊಟ್ಟು ಬಿಡಿಸುತ್ತ ಹೋದರೆ ಕೆಳದಿ ಎಲ್ಲೂ ಕಾಣಿಸುವುದಿಲ್ಲ. ಕದಂಬರು, ಹೊಯ್ಸಳರು, ಕೆಳದಿಯವರು, ಮೈಸೂರಿನ ಒಡೆಯರು ಎಲ್ಲರೂ ಆ ಒಂದು ಸಂಖ್ಯೆಯ ಸೂರಿನಡಿ ಇದ್ದಾರೆ. ಇಲ್ಲಿ ಊರು ಬಲ್ಲ ಗ್ರಂಥಪಾಲಕರೇ ಕೈಯಾರೆ ಪದ ಸೇರಿಸಬೇಕು.

ಊರು ಬಲ್ಲವರೇ ಬೇಕು ಎನ್ನಲು ಇನ್ನೂ ಕಾರಣಗಳಿವೆ. ಕೆಳದಿ ಅರಸರ ಕೊನೆಯ ರಾಜಧಾನಿ ಇಂದಿನ ಹೊಸನಗರ ತಾಲ್ಲೂಕಿನ ನಗರ. ಹಳೆಯ ಬರಹಗಳಲ್ಲಿ ಅದು ಬಿದನೂರು, ಬಿದರೂರು, ವೇಣುಪುರ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ. ಕಂಪ್ಯೂಟರಿನಲ್ಲಿ ‘ನಗರ’ ಎಂದು ಕೊಟ್ಟರೆ ಪಟ್ಟಣಗಳ ಸಮಾಜಶಾಸ್ತ್ರದ 307.76ರಲ್ಲಿರುವ ಪುಸ್ತಕಗಳೆಲ್ಲ ಮುಂದೆ ಬಂದು ನಿಲ್ಲುತ್ತವೆ. ‘ಸಾಗರ’ ಎಂದರೆ 551.46ರ ಕಡಲ ವಿಜ್ಞಾನ! ‘ನಗರ, ಹೊಸನಗರ ತಾಲ್ಲೂಕು – ಇತಿಹಾಸ’, ‘ಸಾಗರ ತಾಲ್ಲೂಕು’ ಎಂದು ಶೀರ್ಷಿಕೆ ಬರೆದು, ಬಿದನೂರು ಎಂದು ಹುಡುಕಿದವರಿಗೆ ‘ನಗರ ನೋಡಿ’ ಎಂದು ಕೈತೋರಿಸಿದರೆ ಗೊಂದಲ ಮುಗಿಯಿತು. ಡ್ಯೂಯಿಯ ಸೂಚಿಯಾಗಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಾಗಲಿ ಈ ಉಪಕಾರವನ್ನು ನಮಗೆ ಮಾಡಿಕೊಡುವುದಿಲ್ಲ.

ಅಂತರರಾಷ್ಟ್ರೀಯ ಪಟ್ಟಿಗೆ ನಮ್ಮ ಕಡೆಯ ಹೆಸರೊಂದು ಸೇರಿರುವುದೂ ಉಂಟು, ಅದೂ ದುಃಖದ ಕಾರಣಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರ ಆ ಕಾಡಿನ ಹೆಸರಿನಲ್ಲೇ ಜಗತ್ತಿಗೆ ಪರಿಚಿತ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಮೆಶ್’ ಎಂಬ ಶೀರ್ಷಿಕೆ ಪಟ್ಟಿಯಲ್ಲಿ ಕ್ಯಾಸನೂರು ಅರಣ್ಯ ರೋಗ ಎಂದೇ ಅದು ದಾಖಲಾಗಿದೆ. ಆದರೆ ತೀರ್ಥಹಳ್ಳಿಯಲ್ಲೋ ಸಾಗರದ ಅರಳಗೋಡಿನಲ್ಲೋ ಹಾಗೆ ಕೇಳುವವರು ಯಾರು? ಜನರ ಬಾಯಲ್ಲಿ ಅದು ಮಂಗನ ಕಾಯಿಲೆ, ಆಸ್ಪತ್ರೆಯಲ್ಲಿ ಕೆಎಫ್‌ಡಿ. ಕ್ಯಾಟಲಾಗಿನಲ್ಲಿ ಮೂರರಲ್ಲಿ ಒಂದನ್ನು ಶೀರ್ಷಿಕೆಯಾಗಿ ಆಯ್ದು ಉಳಿದೆರಡರಿಂದ ಅದಕ್ಕೆ ‘ನೋಡಿ’ ಎಂದು ಸೂಚಿಸಬೇಕು. ನನ್ನ ಮತ ‘ಮಂಗನ ಕಾಯಿಲೆ’ಗೆ. ಮಂಗಗಳೂ ಇದರಿಂದ ಸಾಯುತ್ತವೆ, ಹರಡುವುದು ಉಣುಗಿನಿಂದ, ಹೆಸರು ಮಂಗಕ್ಕೆ ಅಪವಾದ ತರುತ್ತದೆ ಎಂಬ ಆಕ್ಷೇಪ ನಿಜವಾದದ್ದೇ. ಆದರೂ ಶೀರ್ಷಿಕೆಯ ಕೆಲಸ ಓದುಗರು ಹುಡುಕುವ ಮಾತಿಗೆ ಓಗೊಡುವುದು. ತಿದ್ದುವ ಕೆಲಸವನ್ನು ಪುಸ್ತಕ ಮಾಡಲಿ. ಆ ಒಂದು ಶೀರ್ಷಿಕೆಯಡಿ ರೋಗಚಿಕಿತ್ಸೆಯ 616.9, ರೋಗ ಹರಡುವಿಕೆ ಮತ್ತು ತಡೆಗಟ್ಟುವಿಕೆಯ 614, ಉಣುಗುಗಳ 595.42, ಮಂಗಗಳ 599.8 ಎಲ್ಲವನ್ನೂ ಒಂದೇ ನೋಟಕ್ಕೆ ತರಬಹುದು.

ಯಾವ ಸಂಖ್ಯೆಗೂ ಸಲೀಸಾಗಿ ಒಗ್ಗದ ಪುಸ್ತಕ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಕೆಳದಿಯ ಬಸವಪ್ಪ ನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಹೆಸರಿಗೆ ಶಿವತತ್ತ್ವ. ಒಳಗೆ ಸೃಷ್ಟಿಯ ವರ್ಣನೆ, ಭೂಗೋಳ, ರಾಜನೀತಿ, ವಾಸ್ತು, ಸಂಗೀತ, ನೃತ್ಯ, ಪಾಕಶಾಸ್ತ್ರ, ಜೊತೆಗೆ ಕೆಳದಿ ಅರಸರ ಇತಿಹಾಸ. ಆತನೂ ತನ್ನ ಕಾಲದ ಅರಿವನ್ನು ವಿಂಗಡಿಸಲು ಹೊರಟವನೇ: ಸಮುದ್ರದ ಹೆಸರಿಗೆ ತಕ್ಕಂತೆ ಭಾಗಗಳಿಗೆ ಕಲ್ಲೋಲ, ಒಳಭಾಗಗಳಿಗೆ ತರಂಗ ಎಂದು ಕರೆದ. ಇದನ್ನು ಶೈವದ 294.5513ರಲ್ಲಿಟ್ಟರೆ ತಲೆಬರಹಕ್ಕೆ ಮೋಸಹೋದಂತೆ. 954.87ರಲ್ಲಿಟ್ಟರೆ ಒಂದು ಭಾಗಕ್ಕಷ್ಟೇ ನ್ಯಾಯ. ಇಂಗ್ಲಿಷ್ ಮತ್ತು ಯುರೋಪಿನ ಪ್ರಮುಖ ಭಾಷೆಗಳನ್ನು ಬಿಟ್ಟು ಉಳಿದ ಭಾಷೆಗಳ ವಿಶ್ವಕೋಶಗಳಿಗೆ ಮೀಸಲಾದ 039 ಸರಿಯೆಂದು ನನಗೆ ತೋರುತ್ತದೆ. ಅಲ್ಲಿಟ್ಟು, ಪಾಕಶಾಸ್ತ್ರ, ಸಂಗೀತ, ವಾಸ್ತು, ಕೆಳದಿ ಎಂದು ಬೇರೆ ಬೇರೆ ಶೀರ್ಷಿಕೆ ಕೊಡದೆ ಬಿಟ್ಟರೆ ಅಡುಗೆಯ ಚರಿತ್ರೆ ಹುಡುಕುವವರ ಕೈಗೆ ಅದು ಎಂದೂ ಸಿಗದು.

ಸಂಖ್ಯೆ ಹುಡುಕುವ ಕಷ್ಟ ಈಗ ಬಹಳ ಮಟ್ಟಿಗೆ ಇಳಿದಿದೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳೂ ಬಹಳಷ್ಟಿವೆ. ದೆಹಲಿಯಲ್ಲಿರುವ ಅದರ ಕಚೇರಿ 1962ರಿಂದ ಭಾರತದ ಪುಸ್ತಕಗಳನ್ನು ಕೊಳ್ಳುತ್ತಿದೆ. ಹತ್ತಿರದ ವಿಷಯ ಶೀರ್ಷಿಕೆ ಕೊಟ್ಟು ಅಲ್ಲಿ ಹುಡುಕಿ, ಅದೇ ಬಗೆಯ ನಾಲ್ಕಾರು ಪುಸ್ತಕಗಳಿಗೆ ಯಾವ ಸಂಖ್ಯೆ ಕೊಟ್ಟಿದ್ದಾರೆ ನೋಡಿ, ಡ್ಯೂಯಿ ಪಟ್ಟಿಯಲ್ಲಿ ತಾಳೆ ಹಾಕಿದರೆ ಕೆಲಸ ಆದಂತೆಯೇ. ‘ಕೋಹಾ’ದಂಥ ಉಚಿತ ತಂತ್ರಾಂಶದಲ್ಲಿ ಬೇರೆ ಗ್ರಂಥಾಲಯದ ದಾಖಲೆಯನ್ನು ಹಾಗೇ ಇಳಿಸಿಕೊಳ್ಳಬಹುದು. ಹಾಗೆ ಇಳಿಸಿದ ದಾಖಲೆಯಲ್ಲಿ ಶೀರ್ಷಿಕೆಗಳು ಇಂಗ್ಲಿಷಿನಲ್ಲಿ, ಕನ್ನಡ ಹೆಸರುಗಳು ರೋಮನ್ ಲಿಪಿಯಲ್ಲಿ ಇರುತ್ತವೆ. ಸಂಖ್ಯೆಯನ್ನು ಎರವಲು ತರಬಹುದು. ಹಸೆ ಚಿತ್ತಾರ, ಸೊಪ್ಪಿನಬೆಟ್ಟ, ಗೇಣಿ, ಮುಳುಗಡೆ, ಕೊಳೆರೋಗ ಎಂಬ ಮಾತುಗಳನ್ನು ಯಾರಿಂದಲೂ ಎರವಲು ತರಲಾಗದು.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಕರ್ನಾಟಕದಲ್ಲಿ ಗ್ರಂಥಾಲಯಗಳ ಜಾಲ ಹೋಬಳಿ-ಹಳ್ಳಿಗಳವರೆಗೆ ಹಬ್ಬಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿನ ಮೇಲ್ವಿಚಾರಕರ ಮೇಲೆ ಏಳಂಕಿಯ ದಶಾಂಶ ಹೇರುವುದು ಅನ್ಯಾಯ. ಮೂರಂಕಿ ಸಾಕು, ತಪ್ಪಿದರೆ ಪುಸ್ತಕ ಒಂದು ಗೇಣು ಆಚೆಗೆ ಇರುತ್ತದೆ ಅಷ್ಟೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಗ್ರಂಥಪಾಲಕರು, ಕಾಲೇಜು ಗ್ರಂಥಾಲಯದವರು, ಊರಿನ ಇತಿಹಾಸ ಬಲ್ಲ ಮೇಷ್ಟ್ರುಗಳು ಕೂಡಿ ಮಲೆನಾಡಿನ ವಿಷಯ ಶೀರ್ಷಿಕೆಗಳ ಒಂದು ಪಟ್ಟಿ ಮಾಡಲಿ. ಒಂದೊಂದು ಪದದ ಮುಂದೆ ಅದಕ್ಕೆ ಜನ ಬಳಸುವ ಬೇರೆ ಹೆಸರುಗಳು, ಅದು ಕರೆದೊಯ್ಯುವ ಡ್ಯೂಯಿ ಸಂಖ್ಯೆ. ಇನ್ನೂರು ಪದಗಳಿಂದ ಶುರು ಮಾಡಿದರೂ ಸಾಕು. ಅಲ್ಲಿಯವರೆಗೆ, ಹೊಸ ಪುಸ್ತಕ ಬಂದಾಗ ರಿಜಿಸ್ಟರಿನ ಷರಾ ಕಾಲಂ ಖಾಲಿ ಬಿಡಬೇಡಿ. ನಿಮ್ಮೂರಿನವರು ಯಾವ ಮಾತಿನಲ್ಲಿ ಆ ಪುಸ್ತಕವನ್ನು ಕೇಳಿಯಾರು ಎಂದು ಯೋಚಿಸಿ ಅಲ್ಲಿ ಮೂರು ಪದ ಬರೆಯಿರಿ.